‘ಪಾರ್ಟ್ 2’ ಬಂದಾಗೆಲ್ಲ ಕೇಳಬೇಕಾದ ಪ್ರಶ್ನೆ: ಅಸಲು ಯಾರದು, ಬಡ್ಡಿ ಯಾರಿಗೆ?

ಪರದೆ ಮೇಲೆ ಸೀಕ್ವೆಲ್, ಚುನಾವಣೆಯಲ್ಲಿ ಅದೇ ಜೋಡಿ, ಊರ ಪಕ್ಕದಲ್ಲಿ ಅದೇ ಕಾರ್ಖಾನೆಯ ಎರಡನೇ ಕಂತು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದಲ್ಲಿ ನಿಂತು ನೋಡಿದರೆ ಈ ಮೂರೂ ಬೇರೆ ಬೇರೆ ಕಥೆ ಅನ್ನಿಸುವುದಿಲ್ಲ.

2025ರ ಸೆಪ್ಟೆಂಬರ್ 12ರಂದು ರಾಜ್ಯ ಸರ್ಕಾರ ಒಂದು ನಿಯಮ ಹೊರಡಿಸಿತು. ತೆರಿಗೆ ಬಿಟ್ಟು ಸಿನಿಮಾ ಟಿಕೆಟ್ 200 ರೂಪಾಯಿ ದಾಟುವಂತಿಲ್ಲ ಅಂತ. ಮಲ್ಟಿಪ್ಲೆಕ್ಸ್ ಕಡೆಯವರು ಕೋರ್ಟಿಗೆ ಹೋದರು. ಸೆಪ್ಟೆಂಬರ್ 23ರಂದು ಹೈಕೋರ್ಟ್ ಮಧ್ಯಂತರ ತಡೆ ಕೊಟ್ಟಿತು. ಅದಾಗಿ ಒಂಬತ್ತನೇ ದಿನ, ಅಕ್ಟೋಬರ್ 2ಕ್ಕೆ, ‘ಕಾಂತಾರ: ಚಾಪ್ಟರ್ 1’ ತೆರೆಗೆ ಬಂತು.

ಕಾನೂನಿನ ವಾದ ಏನೇ ಇರಲಿ, ವ್ಯಾಪಾರದ ತರ್ಕ ಸರಳ. ಹೊಸಬರ ಸಿನಿಮಾಕ್ಕೆ 200 ರೂಪಾಯಿ ಮಿತಿ ಇದ್ದರೆಷ್ಟು, ಬಿಟ್ಟರೆಷ್ಟು? ಅದಕ್ಕೆ ಮೊದಲ ದಿನ ಅರ್ಧ ಹಾಲ್ ತುಂಬಿದರೆ ಪುಣ್ಯ. ಮಿತಿ ಚುಚ್ಚುವುದು ಮೊದಲ ಮೂರು ದಿನದಲ್ಲೇ ಹಾಕಿದ ದುಡ್ಡು ಎತ್ತಬೇಕಾದ ದೊಡ್ಡ ಸಿನಿಮಾಗಳಿಗೆ. ಇವತ್ತು ಆ ಸಾಲಿನಲ್ಲಿ ಮುಂದೆ ನಿಂತಿರುವುದು ಹೆಸರಿನ ಮುಂದೆ ಅಂಕಿ ಹೊತ್ತ ಸಿನಿಮಾಗಳು: ಚಾಪ್ಟರ್ 1, ಚಾಪ್ಟರ್ 2, ಪಾರ್ಟ್ 3.

ಹಾಗಾದರೆ ಸೀಕ್ವೆಲ್ ಯಾಕೆ ಬರುತ್ತವೆ? ಬಂದವು ಮೊದಲಿನದ್ದಕ್ಕೆ ಸಮ ಆಗುತ್ತವಾ? ‘ಸಿನಿಮಾ ಅಷ್ಟೇ ಬಿಡ್ರಿ’ ಅಂತ ದಾಟಿ ಹೋಗುವ ಪ್ರಶ್ನೆ ಇದಲ್ಲ.

ಅರಮನೆ ಮಾಡಿಸಿದ ಪಾರ್ಟ್ 2

ಸೀಕ್ವೆಲ್ ಎಂಬ ಪದ ಹೊಸದಿರಬಹುದು, ಕೆಲಸ ಹಳೆಯದು. ಅದರ ದೊಡ್ಡ ಉದಾಹರಣೆ ನಮ್ಮ ಪಕ್ಕದಲ್ಲೇ ಇದೆ.

ಗದುಗಿನ ಕುಮಾರವ್ಯಾಸ ಕನ್ನಡದಲ್ಲಿ ಭಾರತ ಹೇಳಿದ. ಹದಿನೆಂಟೂ ಪರ್ವ ಹೇಳಲಿಲ್ಲ, ಹತ್ತಕ್ಕೆ ನಿಲ್ಲಿಸಿದ. ದುರ್ಯೋಧನನ ತೊಡೆ ಮುರಿಯುವ ಗದಾಪರ್ವಕ್ಕೆ ಅವನ ಕಾವ್ಯ ಮುಗಿಯುತ್ತದೆ. ನೂರು ವರ್ಷದ ಆಸುಪಾಸಿನಲ್ಲಿ, ಆನೆಗೊಂದಿಯ ಆಚೆ ದಡದ ವಿಜಯನಗರದಲ್ಲಿ ಕೃಷ್ಣದೇವರಾಯ ಆಳುತ್ತಿದ್ದ. ಅವನ ಆಶ್ರಯದಲ್ಲಿದ್ದ ತಿಮ್ಮಣ್ಣ ಕವಿ ಉಳಿದ ಎಂಟು ಪರ್ವ ಬರೆದು ಭಾರತವನ್ನು ‘ಪೂರ್ತಿ’ ಮಾಡಿದ. ಕೃತಿಯ ಹೆಸರು ‘ಕೃಷ್ಣರಾಯ ಭಾರತ’. ಹೆಸರಿನಲ್ಲಿ ಕವಿ ಇಲ್ಲ, ದುಡ್ಡು ಕೊಟ್ಟ ರಾಜ ಇದ್ದಾನೆ.

ಇವತ್ತಿಗೂ ಊರೂರಲ್ಲಿ ಗಮಕಿಗಳು ಕುಮಾರವ್ಯಾಸನನ್ನು ಹಾಡುತ್ತಾರೆ. ತಿಮ್ಮಣ್ಣನನ್ನು ಹಾಡುವವರು ಎಷ್ಟು ಮಂದಿ? ಅವನು ಕೆಟ್ಟ ಕವಿ ಅಂತಲ್ಲ. ಅವನಿಗೆ ಸಿಕ್ಕ ಕೆಲಸವೇ ಖಾಲಿ ಜಾಗ ತುಂಬುವುದು. ಅರಮನೆಗೆ ಪೂರ್ತಿ ಭಾರತ ಬೇಕಿತ್ತು, ಕಥೆಗೆ ಬೇಕಿತ್ತಾ ಎಂಬುದು ಬೇರೆ ಮಾತು.

ಇದೇ ಭಾರತಕ್ಕೆ ಇನ್ನೊಂದು ಮುಂದುವರಿಕೆಯೂ ಇದೆ. ಲಕ್ಷ್ಮೀಶನ ‘ಜೈಮಿನಿ ಭಾರತ’. ಯುದ್ಧ ಮುಗಿದ ಮೇಲೆ ಅಶ್ವಮೇಧದ ಕುದುರೆ ಹೊರಡುತ್ತದೆ, ಅದರ ಹಿಂದೆ ಕಥೆಗಳು ಹೊರಡುತ್ತವೆ. ಲಕ್ಷ್ಮೀಶ ಕುಮಾರವ್ಯಾಸನ ಭಾಮಿನಿ ಷಟ್ಪದಿಯನ್ನು ಹಿಡಿಯಲಿಲ್ಲ, ವಾರ್ಧಕ ಹಿಡಿದ. ‘ಆಮೇಲೆ ಏನಾಯ್ತು’ ಅಂತ ಲೆಕ್ಕ ಒಪ್ಪಿಸಲಿಲ್ಲ. ಚಂದ್ರಹಾಸನಂಥ ಅನಾಥ ಹುಡುಗನ ಕಥೆಗೆ ಜಾಗ ಮಾಡಿಕೊಟ್ಟ, ಗಂಡನೇ ಕಾಡಿಗೆ ಅಟ್ಟಿದ ಸೀತೆಯ ಕಥೆಗೂ ಜಾಗ ಮಾಡಿಕೊಟ್ಟ. ಗೆದ್ದವರ ಕಥೆ ಮುಗಿದ ಮೇಲೆ ಉಳಿದವರದ್ದೇನು ಅಂತ ಕೇಳಿದ. ಅದಕ್ಕೇ ಜೈಮಿನಿ ಬದುಕಿತು.

ಒಂದೇ ಕಥೆಗೆ ಎರಡು ಮುಂದುವರಿಕೆ. ಒಂದು ಅರಮನೆಯ ಅಗತ್ಯಕ್ಕೆ ಹುಟ್ಟಿದ್ದು, ಇನ್ನೊಂದು ಕಥೆಯೊಳಗೇ ಉಳಿದಿದ್ದ ಪ್ರಶ್ನೆಯಿಂದ ಹುಟ್ಟಿದ್ದು. ಮುಂದೆ ಯಾವ ಸೀಕ್ವೆಲ್ ನೋಡಿದರೂ ಈ ಅಳತೆಗೋಲು ಇಟ್ಟುಕೊಳ್ಳಬಹುದು.

ಹೊಸ ಹೆಸರಿಗೆ ಸಾಲ ಕೊಡುವವರಿಲ್ಲ

ಈಗಿನ ಅರಮನೆ ಯಾವುದು? ಫೈನಾನ್ಸ್ ಮಾಡುವವರು, ಹಂಚಿಕೆದಾರರು, ಓಟಿಟಿ ಕಂಪನಿಗಳು.

ಕನ್ನಡದಲ್ಲಿ ಈಚೆಗೆ ವರ್ಷಕ್ಕೆ ಇನ್ನೂರರ ಮೇಲೆ ಸಿನಿಮಾ ಬಿಡುಗಡೆ ಆಗುತ್ತವೆ. ಅದರಲ್ಲಿ ಹಾಕಿದ ದುಡ್ಡು ತೆಗೆಯುವವು ಬೆರಳೆಣಿಕೆ. ಮೊದಲು ಟಿವಿ ಹಕ್ಕು ಒಂದಿಷ್ಟು ಕೈ ಹಿಡಿಯುತ್ತಿತ್ತು. ಆಮೇಲೆ ಓಟಿಟಿ ಬಂತು, ಕೊರೊನಾ ಕಾಲದಲ್ಲಿ ಕೊಂಡಿತು, ನಂತರ ಕೈ ಹಿಂದೆ ತೆಗೆದುಕೊಂಡಿತು. ರಕ್ಷಿತ್ ಶೆಟ್ಟಿಯಂಥ ಹೆಸರಿರುವವರ ಸಂಸ್ಥೆ ಕಟ್ಟಿದ ‘ಏಕಂ’ ಸರಣಿಗೇ ಕೊಳ್ಳುವವರು ಸಿಗಲಿಲ್ಲ. 2024ರ ಜುಲೈನಲ್ಲಿ ಅವರು ತಮ್ಮದೇ ವೇದಿಕೆ ಮಾಡಿಕೊಂಡು ಅದನ್ನು ಜನರ ಮುಂದಿಟ್ಟರು. ಅವರ ಪಾಡೇ ಹೀಗಾದರೆ ಕುಷ್ಟಗಿಯಿಂದ ಕಥೆ ಹಿಡಿದು ಬೆಂಗಳೂರಿಗೆ ಬಸ್ಸು ಹತ್ತಿದ ಹುಡುಗನ ಕಥೆ ಏನು?

ಇಂಥ ಮಾರುಕಟ್ಟೆಯಲ್ಲಿ ಸಾಲ ಕೊಡುವವನು ಕಥೆ ಕೇಳುವುದಿಲ್ಲ, ಗ್ಯಾರಂಟಿ ಕೇಳುತ್ತಾನೆ. ಹಳೇ ಸಿನಿಮಾದ ಹೆಸರೇ ಗ್ಯಾರಂಟಿ. ಹೆಸರು ಗೊತ್ತಿದ್ದರೆ ಪ್ರಚಾರದ ಅರ್ಧ ಖರ್ಚು ಉಳಿಯಿತು. ಮೊದಲ ಭಾಗ ಡಬ್ ಆಗಿ ಹಿಂದಿ, ತೆಲುಗಿನಲ್ಲಿ ಓಡಿದ್ದರೆ ಎರಡನೆಯದ್ದು ಶೂಟಿಂಗ್ ಮುಗಿಯುವ ಮೊದಲೇ ಮಾರಾಟ. ಹೊಲದ ಪಹಣಿ ಇಟ್ಟು ಸಾಲ ಎತ್ತಿದ ಹಾಗೆ, ಮೊದಲ ಸಿನಿಮಾದ ಹೆಸರಿಟ್ಟು ಎರಡನೆಯದಕ್ಕೆ ಸಾಲ ಎತ್ತುವುದು.

ಇದೆಲ್ಲ ‘ಪ್ಯಾನ್ ಇಂಡಿಯಾ’ ಕಾಲದ ರೋಗ ಅಂದುಕೊಳ್ಳಬೇಡಿ. 1968ರಲ್ಲಿ ದೊರೈ-ಭಗವಾನ್ ಜೋಡಿ ‘ಜೇಡರ ಬಲೆ’ಯಲ್ಲಿ ರಾಜ್‌ಕುಮಾರ್ ಅವರನ್ನು ಸಿಐಡಿ 999 ಮಾಡಿತು. ಅದೇ ವರ್ಷ ‘ಗೋವಾದಲ್ಲಿ ಸಿಐಡಿ 999’, 1969ರಲ್ಲಿ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999’, 1978ರಲ್ಲಿ ‘ಆಪರೇಷನ್ ಡೈಮಂಡ್ ರಾಕೆಟ್’ ಬಂದವು. ಆದರೆ ಅಲ್ಲಿ ಮುಂದುವರಿದದ್ದು ಪಾತ್ರ ಮಾತ್ರ. ಪ್ರತಿ ಸಲ ಕಥೆ ಹೊಸದು, ಹಿಂದಿನದ್ದು ನೋಡದವನೂ ಒಳಗೆ ಹೋಗಿ ಕೂರಬಹುದಿತ್ತು. ಈಗ ಹಾಗಲ್ಲ. ಮೊದಲ ಭಾಗದ ಕೊನೆಯಲ್ಲೇ ನಿಮ್ಮ ಕಾಲಿಗೆ ಹಗ್ಗ ಕಟ್ಟಿ, ‘ಉಳಿದದ್ದು ಮುಂದಿನ ಸಲ, ಟಿಕೆಟ್ ಬೇರೆ’ ಅನ್ನುತ್ತಾರೆ.

ಪುಟ್ಟಣ್ಣ ಕಣಗಾಲ್ 1972ರಲ್ಲಿ ಇದರ ಉಲ್ಟಾ ಮಾಡಿದ್ದರು. ತ.ರಾ.ಸು. ಅವರ ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’ ಎಂಬ ಮೂರು ಕಾದಂಬರಿ ಸೇರಿಸಿ ಒಂದೇ ‘ನಾಗರಹಾವು’ ಕಟ್ಟಿದರು. ಈಗಿನ ಲೆಕ್ಕದಲ್ಲಿ ಅದು ಮೂರು ಸಿನಿಮಾದ ಮಾಲು, ಇಬ್ಬರು ಹೂಡಿಕೆದಾರರಿಗೆ ಹಾರ್ಟ್ ಅಟ್ಯಾಕ್ ಆಗುವಷ್ಟು ‘ನಷ್ಟ’.

ಸಮ ಆದವು, ಆಗದವು

ಎಲ್ಲ ಸೀಕ್ವೆಲ್ ಕೆಟ್ಟವು ಎಂಬುದು ಸೋಮಾರಿ ತೀರ್ಪು. ಒಂದೊಂದೇ ನೋಡೋಣ.

‘ಮುಂಗಾರು ಮಳೆ’ 2006ರ ಡಿಸೆಂಬರ್ ಕೊನೆಗೆ ಬಂತು. ಒಂದು ಕೋಟಿಯೊಳಗಿನ ಬಜೆಟ್, ದೊಡ್ಡ ಸ್ಟಾರ್ ಅಲ್ಲದ ಗಣೇಶ್, ಯೋಗರಾಜ್ ಭಟ್ಟರ ಹರಟೆಯಂಥ ಮಾತು. ಹುಡುಗಿಯನ್ನು ಬಿಟ್ಟುಕೊಟ್ಟು ಒಂಟಿಯಾಗಿ ಹೊರಡುವ ಹೀರೋನನ್ನು ಜನ ಎದೆಗೆ ಹಚ್ಚಿಕೊಂಡರು. ಹತ್ತು ವರ್ಷ ಆದ ಮೇಲೆ, 2016ರಲ್ಲಿ, ‘ಮುಂಗಾರು ಮಳೆ 2’ ಬಂತು. ನಿರ್ದೇಶಕ ಬೇರೆ, ಕಥೆ ಬೇರೆ, ಉಳಿದದ್ದು ಹೀರೋ ಮತ್ತು ಹೆಸರು. ಮೊದಲನೆಯದರ ಜೀವವೇ ಸಿಗದೇ ಹೋದ ಪ್ರೀತಿ. ಆ ನೋವಿಗೆ ಮುಂದುವರಿಕೆ ಇರಲಿಲ್ಲ. ಮುಂದುವರಿಸಬಹುದಾಗಿದ್ದದ್ದು ಬೋರ್ಡ್ ಒಂದೇ. ಅದನ್ನೇ ಮುಂದುವರಿಸಿದರು.

ಇನ್ನೊಂದು ಕಡೆ ‘ಆಪ್ತಮಿತ್ರ’. 2004ರ ಆ ಸಿನಿಮಾ ಮಲಯಾಳದ ‘ಮಣಿಚಿತ್ರತಾಳ್’ ರೀಮೇಕ್. 2010ರ ‘ಆಪ್ತರಕ್ಷಕ’ ಅದರ ಮುಂದುವರಿಕೆ, ಆದರೆ ಕಥೆ ಮಾತ್ರ ಇಲ್ಲಿಯೇ ಕಟ್ಟಿದ್ದು. ಅಂದರೆ ಮೊದಲನೆಯದು ಎರವಲು, ಎರಡನೆಯದು ಸ್ವಂತ! ವಿಷ್ಣುವರ್ಧನ್ 2009ರ ಡಿಸೆಂಬರ್ 30ರಂದು ತೀರಿಕೊಂಡರು, ಸಿನಿಮಾ ಫೆಬ್ರವರಿಯಲ್ಲಿ ಬಂತು. ಜನ ಹೋಗಿದ್ದರಲ್ಲಿ ಕಣ್ಣೀರಿನ ಪಾಲೂ ಇತ್ತು. ಅದನ್ನು ಪಕ್ಕಕ್ಕಿಟ್ಟರೂ ‘ಆಪ್ತರಕ್ಷಕ’ ತನ್ನ ಕಾಲ ಮೇಲೆ ನಿಲ್ಲುತ್ತದೆ. ಅದೇ ವರ್ಷ ತೆಲುಗಿನವರು ನಮ್ಮಿಂದ ಅದನ್ನು ತೆಗೆದುಕೊಂಡು ‘ನಾಗವಲ್ಲಿ’ ಮಾಡಿದರು.

‘ಸಪ್ತ ಸಾಗರದಾಚೆ ಎಲ್ಲೋ’ ಬೇರೆ ಜಾತಿಯದು. ಸೈಡ್ ಎ 2023ರ ಸೆಪ್ಟೆಂಬರ್‌ನಲ್ಲಿ, ಸೈಡ್ ಬಿ ನವೆಂಬರ್‌ನಲ್ಲಿ. ಗೆದ್ದ ಮೇಲೆ ಅಂಟಿಸಿದ ಬಾಲವಲ್ಲ, ಒಂದೇ ಕಥೆಯ ಎರಡು ಮಗ್ಗುಲು. ದೊಡ್ಡವನ ತಪ್ಪನ್ನು ತಾನು ಹೊತ್ತು ಜೈಲಿಗೆ ಹೋಗುವ ಡ್ರೈವರ್ ಮನು, ಹೊರಗೆ ಬದುಕು ಸಾಗಿಸಬೇಕಾದ ಪ್ರಿಯಾ. ಸೈಡ್ ಎ ಕೇಳುವ ಪ್ರಶ್ನೆ ಗಟ್ಟಿ: ದುಡ್ಡಿಲ್ಲದವನ ಹತ್ತು ವರ್ಷಕ್ಕೆ ಬೆಲೆ ಎಷ್ಟು? ಸೈಡ್ ಬಿ ಅದನ್ನು ಬಿಟ್ಟು ಮನುವಿನ ಗೀಳಿನ ಹಿಂದೆ ಬೀಳುತ್ತದೆ. ಅದಕ್ಕೇ ಎರಡನೆಯದು ಕೆಲವರಿಗೆ ತೂಕ ಕಡಿಮೆ ಅನ್ನಿಸಿತು. ಆದರೂ ಅಲ್ಲಿ ವ್ಯಾಪಾರಕ್ಕಿಂತ ಮೊದಲು ಒಂದು ಕಥೆ ಇತ್ತು ಎಂಬುದನ್ನು ಒಪ್ಪಲೇಬೇಕು.

ಇಲ್ಲೊಂದು ಮಾತು ಸ್ಪಷ್ಟ ಆಗುತ್ತದೆ. ಎರಡನೇ ಭಾಗ ಮೊದಲಿನದ್ದಕ್ಕೆ ಸಮ ಆಗುವುದು ಬಜೆಟ್‌ನಿಂದಲ್ಲ. ಮೊದಲ ಭಾಗ ಅರ್ಧಕ್ಕೆ ಬಿಟ್ಟ ಪ್ರಶ್ನೆಯನ್ನು ಅದು ಕೈಗೆತ್ತಿಕೊಂಡಿದೆಯೋ ಇಲ್ಲವೋ, ಅಷ್ಟೇ ಲೆಕ್ಕ.

ನರಾಚಿಯ ಕೂಲಿಗಳು ಎಲ್ಲಿ ಹೋದರು?

ಈ ಲೆಕ್ಕಕ್ಕೆ ‘ಕೆಜಿಎಫ್’ ಹಾಕಿ ನೋಡಿ. ಮೊದಲ ಚಾಪ್ಟರ್ 2018ರ ಡಿಸೆಂಬರ್ 21ಕ್ಕೆ, ಎರಡನೆಯದು 2022ರ ಏಪ್ರಿಲ್ 14ಕ್ಕೆ. ಎರಡನೆಯದು ಸಾವಿರ ಕೋಟಿ ದಾಟಿದ ಮೊದಲ ಕನ್ನಡ ಸಿನಿಮಾ. ಗಲ್ಲಾಪೆಟ್ಟಿಗೆಯಲ್ಲಿ ಮಗ ಅಪ್ಪನನ್ನು ಮೀರಿಸಿದ, ಎರಡು ಮಾತಿಲ್ಲ.

ಕಥೆಯಲ್ಲಿ? ಮೊದಲ ಚಾಪ್ಟರ್‌ನಲ್ಲಿ ನಮ್ಮ ಹೊಟ್ಟೆ ಕಿವುಚಿದ್ದು ರಾಕಿಯ ಗಡ್ಡವಲ್ಲ. ನರಾಚಿಯ ಗಣಿಯೊಳಗೆ ಜೀತಕ್ಕೆ ಬಿದ್ದ ಜನ, ಬೇಲಿಯೊಳಗೆ ಹುಟ್ಟಿ ಬೇಲಿಯೊಳಗೆ ಸಾಯುವವರು. ಗರುಡ ಸತ್ತಾಗ ಹಾಲ್‌ನಲ್ಲಿ ಶಿಳ್ಳೆ ಬಿದ್ದದ್ದು ಆ ಜನರ ಬಿಡುಗಡೆಗೆ. ಎರಡನೇ ಚಾಪ್ಟರ್‌ನಲ್ಲಿ ಗಣಿಗೆ ಹೊಸ ಮಾಲೀಕ ರಾಕಿ. ಜನರಿಗೆ ಮನೆ ಸಿಕ್ಕಿತು, ಊಟ ಸಿಕ್ಕಿತು. ಅಗೆಯುವುದು? ಅದು ತಪ್ಪಲಿಲ್ಲ. ಕಥೆ ದಿಲ್ಲಿಗೆ, ಸಂಸತ್ತಿನೊಳಕ್ಕೂ ಹೋಯಿತು. ಗುದ್ದಲಿ ಹಿಡಿದವನಿಗೆ ಚಿನ್ನದಲ್ಲಿ ಪಾಲು ಇದೆಯಾ ಎಂಬ ಪ್ರಶ್ನೆ ಕೊನೆಗೆ ಚಿನ್ನದ ಜತೆಗೇ ಸಮುದ್ರದ ಪಾಲಾಯಿತು.

ನಿಜವಾದ ಕೆಜಿಎಫ್ ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ಚಿತು. ಅಲ್ಲಿನ ಸೈನೈಡ್ ದಿಬ್ಬ, ಮುಂಜಾನೆ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುವ ಜನ ಇವತ್ತಿಗೂ ಇದ್ದಾರೆ. ಅದು ಯಾರೂ ತೆಗೆಯದ ಚಾಪ್ಟರ್ 3.

‘ಕಾಂತಾರ’ದ್ದೂ ಇದಕ್ಕೆ ಹತ್ತಿರದ ಕಥೆ. 2022ರ ಸಿನಿಮಾಗೆ ಸುಮಾರು 16 ಕೋಟಿ ಬಜೆಟ್, 400 ಕೋಟಿ ಗಳಿಕೆ ಎಂದು ವರದಿಗಳಿದ್ದವು. ಅದರ ನಡುಗಂಬ ಭೂಮಿ: ಕಾಡಂಚಿನ ಜನರ ನೆಲ ಯಾರ ಹೆಸರಲ್ಲಿದೆ? ದೈವದ ಕೂಗು ನಮ್ಮನ್ನು ನಡುಗಿಸಿದ್ದು ಆ ನೆಲದ ಜಗಳ ನಮಗೆ ಗೊತ್ತಿದ್ದದ್ದರಿಂದ. ಮುಂದಿನ ಸಿನಿಮಾ ಮುಂದಕ್ಕೆ ಹೋಗಲಿಲ್ಲ, ಸಾವಿರಕ್ಕೂ ಹೆಚ್ಚು ವರ್ಷ ಹಿಂದಕ್ಕೆ, ಕದಂಬರ ಕಾಲಕ್ಕೆ ಹೋಯಿತು. ಅಲ್ಲಿಯೂ ಒಂದು ಗಟ್ಟಿ ಎಳೆ ಇದೆ: ಕಾಡಿನವರು ತಮ್ಮ ಬೆಳೆ ತಾವೇ ಮಾರಲು ಬಂದರಿಗೆ ಇಳಿದರೆ ಅರಮನೆಗೆ ಯಾಕೆ ಉರಿ ಹತ್ತುತ್ತದೆ? ಅದನ್ನು ಹಿಡಿದು ಹೋಗಿದ್ದರೆ ಲಕ್ಷ್ಮೀಶನ ದಾರಿ. ಆದರೆ ಆ ಎಳೆ ಯುದ್ಧ, ಗ್ರಾಫಿಕ್ಸ್, ಪವಾಡದ ಗದ್ದಲದಲ್ಲಿ ತೆಳ್ಳಗಾಯಿತು. ಪಹಣಿಯಲ್ಲಿ ಯಾರ ಹೆಸರು ಎಂಬ ಪ್ರಶ್ನೆ ಪುರಾಣವಾದರೆ ಯಾವ ಕಂದಾಯ ಅಧಿಕಾರಿಯೂ ಉತ್ತರ ಕೊಡಬೇಕಿಲ್ಲ. ಎಲ್ಲರೂ ಕೈ ಮುಗಿದು ಮನೆಗೆ ಹೋಗಬಹುದು.

ನಾಲ್ಕು ತಾಲೂಕು, ಅದೇ ತಾರಾಗಣ

ಈಗ ಪರದೆ ಬಿಟ್ಟು ಹೊರಗೆ ಬನ್ನಿ. ನಮ್ಮ ಜಿಲ್ಲೆಯ ಚುನಾವಣೆಯ ಪೋಸ್ಟರ್ ನೋಡಿ.

ಕುಷ್ಟಗಿ: 2008ರಲ್ಲಿ ಅಮರೇಗೌಡ ಬಯ್ಯಾಪುರ, 2013ರಲ್ಲಿ ದೊಡ್ಡನಗೌಡ ಪಾಟೀಲ, 2018ರಲ್ಲಿ ಮತ್ತೆ ಬಯ್ಯಾಪುರ, 2023ರಲ್ಲಿ ಮತ್ತೆ ದೊಡ್ಡನಗೌಡ. ಯಲಬುರ್ಗಾ: 2013ರಲ್ಲಿ ಬಸವರಾಜ ರಾಯರೆಡ್ಡಿ, 2018ರಲ್ಲಿ ಹಾಲಪ್ಪ ಆಚಾರ್, 2023ರಲ್ಲಿ ಮತ್ತೆ ರಾಯರೆಡ್ಡಿ. ಗಂಗಾವತಿ: 2008ರಲ್ಲಿ ಪರಣ್ಣ ಮುನವಳ್ಳಿ, 2013ರಲ್ಲಿ ಇಕ್ಬಾಲ್ ಅನ್ಸಾರಿ, 2018ರಲ್ಲಿ ಮತ್ತೆ ಮುನವಳ್ಳಿ.

2023ರಲ್ಲಿ ಗಂಗಾವತಿಗೆ ‘ಹೊಸ ಮುಖ’ ಬಂತು: ಬಳ್ಳಾರಿಯ ಜನಾರ್ದನ ರೆಡ್ಡಿ, ಸ್ವಂತ ಪಕ್ಷ ಕೆಆರ್‌ಪಿಪಿ. ಊರು ಹೊಸದು, ಪಕ್ಷ ಹೊಸದು, ಪಾತ್ರ ಹಳೆಯದು. 2024ರ ಮಾರ್ಚ್‌ನಲ್ಲಿ ಆ ಪಕ್ಷವೂ ಬಿಜೆಪಿಯಲ್ಲಿ ಕರಗಿತು. 2025ರ ಮೇ 6ರಂದು ಓಬಳಾಪುರಂ ಅಕ್ರಮ ಗಣಿಗಾರಿಕೆ ಪ್ರಕರಣದಲ್ಲಿ ಹೈದರಾಬಾದಿನ ಸಿಬಿಐ ವಿಶೇಷ ನ್ಯಾಯಾಲಯ ಅವರಿಗೆ ಏಳು ವರ್ಷ ಶಿಕ್ಷೆ ಕೊಟ್ಟಿತು. ಜೂನ್‌ನಲ್ಲಿ ತೆಲಂಗಾಣ ಹೈಕೋರ್ಟ್ ಆ ಶಿಕ್ಷೆಯನ್ನು ಅಮಾನತಿನಲ್ಲಿಟ್ಟಿತು. ಗಂಗಾವತಿ ಮತದಾರನ ಪಾಲಿಗೆ ಇದು ಬೇರೆ ಊರಲ್ಲಿ ಶುರುವಾದ ಸಿನಿಮಾದ ಮುಂದಿನ ಭಾಗ, ನಮ್ಮ ಟಾಕೀಸಿನಲ್ಲಿ.

ಕೊಪ್ಪಳದ್ದು ಫ್ಯಾಮಿಲಿ ಪಿಕ್ಚರ್. 2013ರಲ್ಲಿ ರಾಘವೇಂದ್ರ ಹಿಟ್ನಾಳ ಅವರು ಕರಡಿ ಸಂಗಣ್ಣನವರನ್ನು ಸೋಲಿಸಿದರು. 2014ರ ಲೋಕಸಭೆಯಲ್ಲಿ ಸಂಗಣ್ಣನವರು ರಾಘವೇಂದ್ರ ಅವರ ತಂದೆ ಬಸವರಾಜ ಹಿಟ್ನಾಳರನ್ನು ಸೋಲಿಸಿದರು. 2018ರಲ್ಲಿ ರಾಘವೇಂದ್ರ ಎದುರು ಸಂಗಣ್ಣನವರ ಮಗ ಅಮರೇಶ್. 2019ರಲ್ಲಿ ಸಂಗಣ್ಣನವರ ಎದುರು ರಾಘವೇಂದ್ರ ಅವರ ಸಹೋದರ ರಾಜಶೇಖರ. 2023ರಲ್ಲಿ ರಾಘವೇಂದ್ರ ಎದುರು ಸಂಗಣ್ಣನವರ ಸೊಸೆ ಮಂಜುಳಾ. ಹತ್ತು ವರ್ಷ, ಐದು ಕಂತು, ಎರಡು ಮನೆ. 2024ರ ಏಪ್ರಿಲ್‌ನಲ್ಲಿ ಬಿಜೆಪಿ ಟಿಕೆಟ್ ತಪ್ಪಿದ ಸಂಗಣ್ಣನವರು ಕಾಂಗ್ರೆಸ್ ಸೇರಿದರು, ರಾಜಶೇಖರ ಹಿಟ್ನಾಳ ಸಂಸದರಾದರು. ಎದುರಾಳಿ ಕ್ಲೈಮ್ಯಾಕ್ಸಿನಲ್ಲಿ ಹೀರೋ ಪಕ್ಕ ಬಂದು ನಿಲ್ಲುವ ಸೀನು, ಯಾವ ಕಥೆಗಾರನೂ ಬರೆಯದೇ ನಡೆದುಹೋಯಿತು.

ಇದರಲ್ಲಿ ಗಮನಿಸಬೇಕಾದ ಒಂದು ಸಂಗತಿ ಇದೆ. 2008ರಿಂದ 2023ರವರೆಗೆ ಕುಷ್ಟಗಿ, ಯಲಬುರ್ಗಾ, ಗಂಗಾವತಿಗಳಲ್ಲಿ ಸಾರ್ವತ್ರಿಕ ಚುನಾವಣೆಯಲ್ಲಿ ಗೆದ್ದ ಯಾವ ಶಾಸಕನೂ ಮುಂದಿನ ಸಲ ಮರಳಿ ಗೆದ್ದಿಲ್ಲ. ಅಂದರೆ ಇಲ್ಲಿನ ಜನ ಪಾರ್ಟ್ 2ನ್ನು ಫ್ಲಾಪ್ ಮಾಡುತ್ತಲೇ ಬಂದಿದ್ದಾರೆ! ‘ಜನ ಬಯಸ್ತಾರ, ಅದಕ್ಕ ಅವರನ್ನೇ ನಿಲ್ಲಸ್ತೀವಿ’ ಎಂಬುದು ಸುಳ್ಳು. ಜನ ಸೋಲಿಸುತ್ತಾರೆ. ಆದರೆ ಸೋಲಿಸಿ ಆರಿಸಬೇಕಾದದ್ದು ಮತ್ತದೇ ಹಳಬರನ್ನು. ಟಿಕೆಟ್ ಹಂಚುವವನು ಜನರಲ್ಲ.

ಸಿನಿಮಾದ್ದೂ ಇದೇ. ‘ಪ್ರೇಕ್ಷಕರಿಗೆ ಇದೇ ಬೇಕು’ ಅನ್ನುವವರು ಪ್ರೇಕ್ಷಕರ ಮುಂದೆ ಬೇರೆ ಏನು ಇಟ್ಟಿದ್ದರು ಎಂಬುದನ್ನು ಹೇಳುವುದಿಲ್ಲ. ದೊಡ್ಡ ಸಿನಿಮಾ ಬಂದ ವಾರ ಊರಲ್ಲಿರುವ ಒಂದೆರಡು ಟಾಕೀಸಿನ ಎಲ್ಲ ಆಟವೂ ಅದಕ್ಕೇ. ತಾಟಿನಲ್ಲಿ ಒಂದೇ ಪಲ್ಯ ಬಡಿಸಿ ‘ನೋಡ್ರಿ, ಇವರಿಗೆ ಬದನಿಕಾಯಿ ಅಂದ್ರ ಪ್ರಾಣ’ ಅಂದ ಹಾಗೆ. ಪಕ್ಷಕ್ಕೆ ಗೆಲ್ಲುವ ಸಾಮರ್ಥ್ಯ ಅಂದರೆ ಕಂಡ ಮುಖ, ಕೈಯಲ್ಲಿ ಕಾಸು. ನಿರ್ಮಾಪಕನಿಗೂ ಅದೇ. ಎರಡೂ ಕಡೆ ಹೊಸಬನಿಗೆ ಹೇಳುವ ಮಾತು ಒಂದೇ: ‘ನಿನ್ನ ಹೆಸರಿಗೆ ಮಾರ್ಕೆಟ್ ಇಲ್ಲಪ್ಪ.’

ಭಾಗ 1ರ ಧೂಳು

ಸೀಕ್ವೆಲ್ ಬೇಡ ಅಂತ ಜನ ಬಾಯಿಬಿಟ್ಟು ಹೇಳಿದ ಉದಾಹರಣೆಯೂ ನಮ್ಮಲ್ಲೇ ಇದೆ.

2025ರ ಫೆಬ್ರವರಿಯ ಹೂಡಿಕೆದಾರರ ಸಮಾವೇಶದಲ್ಲಿ, ಕೊಪ್ಪಳ ನಗರಕ್ಕೆ ಅಂಟಿಕೊಂಡಂತೆ ಬಲ್ಡೋಟಾ ಸಮೂಹದ ಉಕ್ಕಿನ ಕಾರ್ಖಾನೆಗೆ 54,000 ಕೋಟಿ ರೂಪಾಯಿಯ ಒಪ್ಪಂದ ಆಯಿತು. ಆ ಜಾಗದಲ್ಲಿ ಅದೇ ಸಮೂಹದ ಘಟಕ ಮೊದಲೇ ಇದೆ. ಇದು ಅದರ ವಿಸ್ತರಣೆ, ಅಂದರೆ ಭಾಗ 2, ಬಜೆಟ್ ಹತ್ತಾರು ಪಟ್ಟು. ಭಾಗ 1 ಹೇಗಿತ್ತು ಅಂತ ಗೊತ್ತಾಗಬೇಕಾದರೆ ವಿಮರ್ಶೆ ಓದಬೇಕಿಲ್ಲ. ಗಿಣಿಗೇರಾ, ಹಿರೇಬಗನಾಳ ಸುತ್ತಿನ ಕಾರ್ಖಾನೆಗಳ ಮಗ್ಗುಲಲ್ಲಿ ಬದುಕುವವರ ಮಾಳಿಗೆ ಮೇಲೆ ಬೆರಳಾಡಿಸಿದರೆ ಸಾಕು.

ಫೆಬ್ರವರಿ 24ರಂದು ಕೊಪ್ಪಳ ಬಂದ್ ಆಯಿತು. ಗವಿಸಿದ್ಧೇಶ್ವರ ಸ್ವಾಮೀಜಿ ಬೀದಿಗೆ ಬಂದರು, ಪಕ್ಷ ಮರೆತು ಜನ ಬಂದರು. ಕೊನೆಗೆ ಮುಖ್ಯಮಂತ್ರಿ ಕೆಲಸ ನಿಲ್ಲಿಸಲು ಸೂಚಿಸಬೇಕಾಯಿತು. ಉದ್ಯೋಗ ಬೇಡ ಅಂತ ಯಾರೂ ಹೇಳಲಿಲ್ಲ. ಕೇಳಿದ್ದು ಇಷ್ಟೇ: ಮೊದಲ ಭಾಗದಲ್ಲಿ ಕೊಟ್ಟ ಮಾತು ಏನಾಯಿತು? ಎಷ್ಟು ಹುಡುಗರಿಗೆ ಕೆಲಸ ಸಿಕ್ಕಿತು, ಎಷ್ಟು ಮಂದಿಗೆ ಕೆಮ್ಮು ಸಿಕ್ಕಿತು? ಆ ಲೆಕ್ಕ ಕೊಡದೆ ಎರಡನೆಯದಕ್ಕೆ ಮುಹೂರ್ತ ಹೇಗೆ ಇಟ್ಟಿರಿ?

ಸೀಕ್ವೆಲ್ ಬಗ್ಗೆ ಇದಕ್ಕಿಂತ ಒಳ್ಳೆ ವಿಮರ್ಶೆ ನನಗೆ ಗೊತ್ತಿಲ್ಲ.

ಎರಡನೇ ಬೆಳೆಗೆ ನೀರು ಬೇಕು

ಗಂಗಾವತಿ ಕಾಲುವೆ ಭಾಗದ ರೈತನಿಗೆ ಎರಡನೇ ಬೆಳೆ ಅಂದರೆ ಏನು ಅಂತ ಪಾಠ ಮಾಡಬೇಕಿಲ್ಲ. ಮೊದಲ ಬೆಳೆ ಮಳೆಗಾಲದ ಕೊಡುಗೆ. ಎರಡನೆಯದು ಜಲಾಶಯದಲ್ಲಿ ಉಳಿಸಿಕೊಂಡ ನೀರಿನ ಮೇಲೆ ನಿಂತದ್ದು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟು ಕಿತ್ತುಹೋಯಿತು. ಗೇಟುಗಳನ್ನೆಲ್ಲ ಬದಲಿಸಬೇಕಾಗಿ ಬಂದು 2025-26ರಲ್ಲಿ ಎರಡನೇ ಬೆಳೆಗೆ ನೀರಿಲ್ಲ ಎಂದು ತೀರ್ಮಾನ ಆಯಿತು. ದಶಕಗಟ್ಟಲೆ ಎರಡು ಬೆಳೆ ತೆಗೆದರು, ನೀರು ಹಿಡಿದಿಟ್ಟ ಗೇಟಿನ ಕಡೆ ಸಕಾಲಕ್ಕೆ ನೋಡಲಿಲ್ಲ. ಬೆಲೆ ತೆತ್ತವನು ರೈತ ಮತ್ತು ನಾಟಿಗೆ ಹೋಗುವ ಕೂಲಿ ಹೆಣ್ಣುಮಗಳು.

ಕನ್ನಡ ಸಿನಿಮಾದ್ದೂ ಇದೇ ಅಪಾಯ. ಪ್ರತಿ ಸೀಕ್ವೆಲ್ ಹಿಂದೆ ಯಾರೋ ಧೈರ್ಯ ಮಾಡಿದ ಒಂದು ಮೊದಲ ಸಿನಿಮಾ ಇರುತ್ತದೆ. ‘ಮುಂಗಾರು ಮಳೆ’ ಒಂದು ಜೂಜು. 2022ರ ‘ಕಾಂತಾರ’ವೂ ಜೂಜೇ. 2025ರ ಜುಲೈನಲ್ಲಿ ಬಂದ ‘ಸು ಫ್ರಮ್ ಸೋ’ಗೆ ಸ್ಟಾರ್ ಇರಲಿಲ್ಲ, ಹಿಂದಿನ ಭಾಗ ಇರಲಿಲ್ಲ, ಹೆಸರೂ ಅರ್ಥ ಆಗುತ್ತಿರಲಿಲ್ಲ. ನೋಡಿದವರು ನೋಡದವರಿಗೆ ಹೇಳಿ ಗೆಲ್ಲಿಸಿದರು, ಗಳಿಕೆ ನೂರು ಕೋಟಿ ದಾಟಿತು ಎಂದು ವರದಿಗಳು ಹೇಳಿದವು. ಅಸಲು ಇವು. ಸೀಕ್ವೆಲ್ ಬಡ್ಡಿ. ಬಡ್ಡಿ ತಿನ್ನುವುದು ಪಾಪ ಅಲ್ಲ. ಅಸಲು ಹಾಕುವವರೇ ಇಲ್ಲದಂತೆ ಮಾಡುವುದು ಪಾಪ.

ಹೇಳಿದ್ದನ್ನೇ ಹೇಳುವುದೂ ತಪ್ಪಲ್ಲ. ಕೊಪ್ಪಳ ತಾಲೂಕಿನ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ಜೀವನಪೂರ್ತಿ ಅವರು ತೊಗಲು ಗೊಂಬೆಯಲ್ಲಿ ಆಡಿಸಿದ್ದು ಅದೇ ರಾಮಾಯಣ, ಅದೇ ಮಹಾಭಾರತ. ಆದರೆ ಆ ಪರದೆಯ ಮುಂದೆ ಕೂತ ಊರು ಬೇರೆ, ಆ ವರ್ಷದ ಮಳೆ ಬೇರೆ. ಹಳೇ ಕಥೆಯನ್ನು ಹೊಸ ಜನರಿಗಾಗಿ ಮತ್ತೆ ಕಟ್ಟಿದರೆ ಅದು ಜೀವಂತ ಕಥೆ. ಅದನ್ನೇ ಹಳೇ ಗಿರಾಕಿಯ ಜೇಬಿಗಾಗಿ ಎಳೆದರೆ, ಅಪ್ಪ ನೆಟ್ಟ ಆಲದ ಮರ ಅಂತ ಅದಕ್ಕೇ ಜೋತು ಬಿದ್ದಂತೆ.

ಹಾಗಾಗಿ ಸೀಕ್ವೆಲ್‌ಗೆ ಬಹಿಷ್ಕಾರ ಹಾಕಿ ಅಂತ ಹೇಳುತ್ತಿಲ್ಲ. ನಾನೂ ಹೋಗುತ್ತೇನೆ, ಶಿಳ್ಳೆ ಹೊಡೆಯುತ್ತೇನೆ. ಆದರೆ ಕೇಳಬೇಕಾದದ್ದನ್ನು ಕೇಳೋಣ. ಒಂದು ದೊಡ್ಡ ಸಿನಿಮಾ ಬಂದ ವಾರವೂ ಊರಿನ ಟಾಕೀಸಿನಲ್ಲಿ ಹೊಸ ಕನ್ನಡ ಸಿನಿಮಾಕ್ಕೆ ದಿನಕ್ಕೊಂದು ಆಟ ಮೀಸಲಿಡಲು ಸಾಧ್ಯ ಇಲ್ಲವಾ? ಟಿಕೆಟ್ ದರದ ಮಿತಿ ಬಗ್ಗೆ ಸರ್ಕಾರ ಕೋರ್ಟಿನಲ್ಲಿ ಗಟ್ಟಿಯಾಗಿ ನಿಲ್ಲುತ್ತದಾ? ಸಬ್ಸಿಡಿ ದುಡ್ಡು ಮೊದಲ ಸಿನಿಮಾ ಮಾಡುವ ಜಿಲ್ಲೆಯ ಹುಡುಗ, ಹುಡುಗಿಯರ ತನಕ ಬರುತ್ತದಾ? 2028ಕ್ಕೆ ನಮ್ಮ ನಾಲ್ಕು ತಾಲೂಕಿನಲ್ಲಿ ಪಕ್ಷಗಳು ಯಾರದೋ ಮಗ, ಸೊಸೆ, ತಮ್ಮ ಅಲ್ಲದ ಒಬ್ಬರಿಗಾದರೂ ಬಿ ಫಾರಂ ಕೊಡುತ್ತವಾ?

ಪಾರ್ಟ್ 2 ಯಾವ ರೂಪದಲ್ಲೇ ಬರಲಿ, ಪೋಸ್ಟರ್ ಆಗಿ, ಅಭ್ಯರ್ಥಿಯಾಗಿ, ಚಿಮಣಿಯಾಗಿ, ಕೊಪ್ಪಳದ ಜನ ಫೆಬ್ರವರಿ 24ರಂದು ಕೇಳಿದ್ದನ್ನೇ ಕೇಳೋಣ. ಮೊದಲನೆಯದರ ಲೆಕ್ಕ ಕೊಡ್ರಿ. ಆಮ್ಯಾಲ ಎರಡನೆಯದರ ಮಾತು.